ಐದೂವರೆಯ ನಂತರವೂ ಉಳಿದ ಹೆಸರು

ನಮ್ಮ ಸೀರೆ ನೇಕಾರರ ಸಂಘದ ಮುಖ್ಯ ಕಚೇರಿ ಬಾಗಲಕೋಟೆಯಲ್ಲಿದೆ. ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ಒಂದೊಂದು ಶಾಖೆ. ನಾಲ್ಕೂ ಊರಿನ ಕಂಪ್ಯೂಟರುಗಳ ಉಸಾಬರಿ ನನ್ನೊಬ್ಬಳ ಕೊರಳಿಗೆ. ಸರ್ವರನ್ನು ಆಗಾಗ ನಿಲ್ಲಿಸಿ ಮತ್ತೆ ಶುರು ಮಾಡಬೇಕಾಗುತ್ತದೆ. ಆ ಹೊತ್ತಿಗೆ ಯಾರಾದರೂ ಬಿಲ್ಲು ಮಾಡುತ್ತ ಕೂತಿದ್ದರೆ ಅವರ ಕೆಲಸ ಹಾಳು, ಬೈಗುಳ ನನಗೆ. ಅದಕ್ಕೇ ಕಂಪ್ಯೂಟರುಗಳಲ್ಲೇ ಒಂದು ಸಣ್ಣ ಸೇವೆ ನಡೆಸತೊಡಗಿದೆ. ಪ್ರತಿ ಕಂಪ್ಯೂಟರೂ ತನ್ನಲ್ಲಿ ಯಾರು ಲಾಗಿನ್ ಆಗಿದ್ದಾರೆಂದು ಉಳಿದವಕ್ಕೆ ತಿಳಿಸುತ್ತಿರುತ್ತದೆ. ಯಾವ ಊರಿನಲ್ಲಿ ಕೂತರೂ ನಾಲ್ಕೂ ಊರಿನ ಹೆಸರುಗಳು ಪರದೆಯ ಮೇಲೆ ಕಾಣುತ್ತವೆ. ಹೆಸರು ಕಂಡವರಿಗೆ ಫೋನ್ ಮಾಡಿ "ಬಂದ್ ಮಾಡ್ತೇನಿ, ಹೊರಗ ಬರ್ರಿ" ಎನ್ನುವುದು, ಅಷ್ಟೇ. ಇಷ್ಟು ಸರಳ ಕೆಲಸವನ್ನು ಇವರು ಎಷ್ಟು ಕೆಡಿಸಬಲ್ಲರೆಂಬ ಅಂದಾಜು ನನಗಿರಲಿಲ್ಲ.

ಮೊದಲನೆಯದಾಗಿ, ಯಾರೂ ಲಾಗೌಟ್ ಮಾಡುವುದಿಲ್ಲ. ಸಂಜೆ ಪರದೆ ಆರಿಸಿ, ಮೇಲೊಂದು ಬಟ್ಟೆ ಹೊದಿಸಿ, ಕೈಮುಗಿದು ಮನೆಗೆ ಹೋಗುತ್ತಾರೆ. ಹೆಸರು ರಾತ್ರಿಯಿಡೀ ಪಟ್ಟಿಯಲ್ಲೇ ಬಿದ್ದಿರುತ್ತದೆ. ಹುನಗುಂದದ ಗುಮಾಸ್ತರನ್ನು ದಬಾಯಿಸಿದರೆ ಅವರು ನನಗೇ ಪಾಠ ಹೇಳಿದರು. "ಮೇಡಂ, ಮಗ್ಗದಾಗ ಹಳೇ ಹಾಸಿನ ನೂಲು ಪೂರಾ ತಗದು ಬಿಡ್ತೀವೇನ್ರಿ? ತುದಿ ಉಳಿಸಿ ಹೊಸಾದನ್ನ ಅದಕ್ಕ ಕೂಡಸ್ತೀವಿ. ಬರೇ ಮಗ್ಗ ಬಿಡಬಾರದರಿ. ಇದೂ ಹಂಗ."

"ಇದು ಮಗ್ಗ ಅಲ್ರೀ!" ಎಂದು ಕೂಗಿದೆ. ಕೋಣನ ಮುಂದೆ ಕಿನ್ನರಿ. ಅದೇ ವಾರ ಅವರ ಹೆಂಡತಿ ನನಗೆ ಫೋನ್ ಮಾಡಿ, "ಅಕ್ಕಾರ, ನಮ್ಮವ್ರು ಊಟಕ್ಕ ಎದ್ದಾರೇನ ನೋಡ್ರಿ, ರೊಟ್ಟಿ ಆರಾಕತ್ತಾವ" ಎಂದರು. ನಾನು ಓದಿದ್ದು ಇದಕ್ಕೇ ಏನು?

ಈ ಸೇವೆಯ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದ್ದು ಒಬ್ಬಳೇ, ಬಾದಾಮಿ ಶಾಖೆಯ ಹುಡುಗಿ. ಗುಳೇದಗುಡ್ಡದವಳು, ಖಣ ನೇಯುವ ಮನೆಯವಳು, ದಿನಾ ಬಸ್ಸಿಗೆ ಬಂದು ಹೋಗುತ್ತಾಳೆ. "ಹೆಸರು ಇದ್ದಾಗ ಮನಷ್ಯಾರು ಖರೇನ ಅಲ್ಲೇ ಅದಾರೋ ಇಲ್ಲೋ ಹೆಂಗ ಗೊತ್ತಾಗತೈತ್ರಿ ಮೇಡಂ?" ಎಂದು ಕೇಳಿದಳು. ನನಗೆ ಹಿಗ್ಗೋ ಹಿಗ್ಗು. ಕೊನೆಯ ಸಲ ಕೀಬೋರ್ಡಿನ ಕೀಲಿ ಒತ್ತಿ ಎಷ್ಟು ಹೊತ್ತಾಯಿತೆಂಬುದೂ ದಾಖಲಾಗುತ್ತದೆ, ಆದರೆ ಅದು ನನ್ನ ಪರದೆಯಲ್ಲಿ ಮಾತ್ರ ಕಾಣುತ್ತದೆ ಎಂದು ವಿವರಿಸಿದೆ.

"ಅದು ಎಷ್ಟ ದಿನಾ ಇರತೈತ್ರಿ?"

"ನಾ ಅಳಸೂತನಕ ಇರ್ತದವಾ."

ಅಂತೂ ಒಬ್ಬಳಿಗಾದರೂ ಬುದ್ಧಿಯಿದೆ ಎಂದು ಸಮಾಧಾನಪಟ್ಟುಕೊಂಡೆ.

ಅದಾದ ಸ್ವಲ್ಪ ದಿನಕ್ಕೆ ಇಳಕಲ್ಲಿನಿಂದ ಫೋನ್ ಬಂತು. ಅಲ್ಲಿಯ ಮಾರಾಟ ಮಳಿಗೆ ನೋಡಿಕೊಳ್ಳುವ ಹಿರಿಯರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತೇವೆ. ಅವರ ಅಕ್ಕನ ಮಗನಿಗೆ ಬಾದಾಮಿಯ ಆ ಹುಡುಗಿಯನ್ನೇ ನೋಡಿದ್ದರು. ಮಾತುಕತೆ ಮುಗಿದಿತ್ತು, ನಿಶ್ಚಯವೊಂದು ಬಾಕಿ.

"ಮೇಡಂ, ಒಂದ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಾ ದುಕಾನ ಮುಚ್ಚೂದು ಎಂಟಕ್ಕ. ಆವಾಗೂ ಆ ಹುಡಗಿ ಹೆಸರು ಬಾದಾಮ್ಯಾಗ ತೋರಸತೈತಿ. ದಿನಾ. ಐದೂವರಿಗೆ ಮುಚ್ಚೂ ಆಫೀಸಿನಾಗ ಅಷ್ಟೊತ್ತನಕ ಏನ್ ಕೆಲಸ್ರಿ ಹೆಣ್ಮಗಳಿಗೆ?"

ನನ್ನ ಮೈ ಉರಿಯಿತು. "ಕಾಕಾ, ಹೆಸರು ಅದ ಅಂದ್ರ ಮನಷ್ಯಾ ಅದಾನ ಅಂತ ಅಲ್ರಿ. ನಿಮ್ಮ ಹೆಸರೂ ರಾತ್ರಿಯೆಲ್ಲಾ ಇರ್ತದ. ನೀವೇನು ದುಕಾನದಾಗ ಮಲಗ್ತೀರೇನು?"

"ನಂದು ಬ್ಯಾರೆ ಬಿಡ್ರಿ. ಯಾರೂ ಇಲ್ಲದ ಕಡೆ ಹೆಸರು ಹೆಂಗ ಇರತೈತಿ?"

ಇಂಥವರ ಮುಂದೆ ತಲೆ ಚಚ್ಚಿಕೊಳ್ಳುವುದೊಂದೇ ಬಾಕಿ! ಸರ್ವರ್ ನಿಲ್ಲಿಸಲೆಂದು ಮಾಡಿದ ಪಟ್ಟಿಯಲ್ಲಿ ಈತ ಕನ್ಯೆಯ ನಡತೆ ಓದುತ್ತಿದ್ದಾನೆ.

ಮರುದಿನ ಹುಡುಗಿಯ ತಾಯಿಯೇ ಫೋನ್ ಮಾಡಿ ಅತ್ತರು. "ಆರೂವರಿಗೆ ಮನ್ಯಾಗ ಇರ್ತಾಳ್ರೀ ನನ್ನ ಮಗಳು. ನನ್ನ ಮುಂದ ಕುಂತು ರೊಟ್ಟಿ ಬಡೀತಾಳ. ನೀವ ಅವರಿಗೆ ಒಂದ ಮಾತು ಹೇಳ್ರಿ ಅಕ್ಕಾರ. ಈ ಸಂಬಂಧ ತಪ್ಪಿದ್ರ ನಾ ಜನಕ್ಕ ಹೆಂಗ ಮಾರಿ ತೋರಸ್ಲಿ?" ಹೇಳುತ್ತೇನೆಂದು ಮಾತು ಕೊಟ್ಟೆ. ಸೋಮವಾರದಿಂದ ಆ ಹಾಳು ಪಟ್ಟಿ ನನ್ನೊಬ್ಬಳಿಗೇ ಕಾಣುವಂತೆ ಮಾಡುವುದು, ಕೀಲಿ ಮುಟ್ಟದ ಹೊತ್ತಿನ ಲೆಕ್ಕವನ್ನು ಕಾಕಾನಿಗೆ ಕಳಿಸಿ ಬಾಯಿ ಮುಚ್ಚಿಸುವುದು ಎಂದು ನಿಶ್ಚಯಿಸಿದೆ. ಅದಕ್ಕೂ ಮೊದಲು ಆ ಹುಡುಗಿಗೆ ಲಾಗೌಟ್ ಮಾಡುವುದನ್ನು ಕಲಿಸಬೇಕಿತ್ತು. ಸಿಟ್ಟಿನಲ್ಲೇ ಬಾದಾಮಿಯ ಬಸ್ ಹತ್ತಿದೆ.

ಅವಳು ಚಹಾ ತರಿಸಿದಳು. ನಾನು ಕುಡಿಯಲಿಲ್ಲ. "ಎಷ್ಟು ಸಲ ಬಡಕೊಂಡೇನಿ ಲಾಗೌಟ್ ಮಾಡ್ರಿ ಅಂತ! ಶಾಣ್ಯಾಕಿ ನೀ, ನೀನೂ ಅವರಂಗ ಆದ್ರ ಹೆಂಗ? ಸೋಮವಾರದಿಂದ ಆ ಪಟ್ಟಿನ ಮುಚ್ಚಿಬಿಡ್ತೇನಿ. ನಿನ್ನ ಮದವಿ ಮುರಿಯೂ ಹಂಗ ಆಗೇದ, ಗೊತ್ತದ ಏನು?"

"ಗೊತ್ತೈತ್ರಿ" ಎಂದಳು. "ಅದಕ್ಕ ಹೆಸರು ಹಂಗ ಬಿಟ್ಟೇನ್ರಿ."

ನನಗೆ ತಟ್ಟನೆ ಅರ್ಥವಾಗಲಿಲ್ಲ.

"ಮದವಿ ಆದಮ್ಯಾಲೆ ಕೆಲಸ ಬಿಡಬೇಕಂತ್ರಿ. ಅವರ ಮನಿ ಸೊಸಿ ಹೊರಗ ದುಡಿಯಾಕ ಹೋಗಂಗಿಲ್ಲಂತ. ಒಲ್ಲೆ ಅಂತ ಅವ್ವಗ ಹೇಳಿ ಹೇಳಿ ಸಾಕಾತು. ಮನಿಗೆ ಬಂದ ಲಕ್ಷ್ಮಿನ ಒದೀಬ್ಯಾಡ ಅಂತಾಳ. ನಾ ಒಲ್ಲೆ ಅಂದ್ರ ನಡಿಯಂಗಿಲ್ರಿ, ಅವರು ಒಲ್ಲೆ ಅಂದ್ರ ನಡಿತೈತಿ. ಕಾಕಾ ದಿನಾ ಪಟ್ಟಿ ನೋಡ್ತಾರ ಅಂತ ಗೊತ್ತಿತ್ತು."

"ಹುಚ್ಚಿ! ಮಂದಿ ಬಾಯಿಗೆ ಬೀಳ್ತೀ. ನಾಳೆ ಇನ್ನೊಂದು ಮನ್ಯಾಗ ಇದನ್ನ ಕೇಳಿದ್ರ?"

"ನಿಮ್ಮ ಕಡೆ ಐತಲ್ರಿ ಮೇಡಂ, ನಾ ಕೀಲಿ ಮುಟ್ಟದ ಹೊತ್ತಿನ ಲೆಕ್ಕ. ಅಳಸಬ್ಯಾಡ್ರಿ. ಬೇಕಾದಾಗ ನಾನ ಕೇಳ್ತೇನಿ." ಆಮೇಲೆ ತಲೆ ತಗ್ಗಿಸಿ, "ಸೋಮವಾರ ಪಟ್ಟಿ ಮುಚ್ಚಬ್ಯಾಡ್ರಿ. ಇನ್ನೊಂದ ಎಂಟು ದಿನಾ ಬಿಡ್ರಿ" ಎಂದಳು.

ಬಸ್ಸಿನಲ್ಲಿ ಬಾಗಲಕೋಟೆ ಮುಟ್ಟುವವರೆಗೂ ಅವಳನ್ನು ಮನಸ್ಸಿನಲ್ಲೇ ಬೈದೆ. ಅವಳ ತಾಯಿಯನ್ನು ಬೈದೆ, ಕಾಕಾನನ್ನು ಬೈದೆ. ಒಂದು ಹುಡುಗಿ ಒಲ್ಲೆ ಅಂದರೆ ಒಲ್ಲೆ ಎಂದು ಕೇಳುವ ಒಬ್ಬರೂ ಇಲ್ಲದೆ, ನನ್ನ ಸರ್ವರ್ ಅದನ್ನು ಹೇಳಬೇಕಾಯಿತಲ್ಲ! ಆ ತಾಯಿಗೆ ಮಾತು ಕೊಟ್ಟವಳು ನಾನು.

ಸೋಮವಾರ ಬಂತು. ನಾನು ಪಟ್ಟಿ ಮುಚ್ಚಲಿಲ್ಲ. ಸಂಜೆ ಕಾಕಾನ ಫೋನ್.

"ಮೇಡಂ, ಬಾದಾಮಿಗೆ ಹೋಗಿದ್ರಂತ. ಏನ್ ನೋಡಿದ್ರಿ?"

"ಪಟ್ಟಿ ನಿಮ್ಮ ಮುಂದನ ಅದ ಅಲ್ರೀ ಕಾಕಾ. ನಾ ಹೇಳಿದ್ದು ನೀವು ಯಾವಾಗ ನಂಬೀರಿ?" ಎಂದು ಇಟ್ಟುಬಿಟ್ಟೆ.

ಎಂಟು ದಿನವೂ ಬೇಕಾಗಲಿಲ್ಲ. ಗುರುವಾರ ಹುಡುಗಿಯ ತಾಯಿ ಮತ್ತೆ ಫೋನ್ ಮಾಡಿದರು. ಈ ಸಲ ಅಳಲಿಲ್ಲ. "ಅವರು ಒಲ್ಲೆ ಅಂದ್ರು ಅಕ್ಕಾರ. ನೀವು ಹೇಳಲಿಲ್ಲೇನ್ರಿ?" ಎಂದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. "ನಿಮ್ಮ ಮಗಳೂ ನಿಮಗ ಏನೋ ಹೇಳಿದ್ದಳಂತಲ್ರೀ" ಎಂದೆ. ಅವರು ಫೋನ್ ಇಟ್ಟುಬಿಟ್ಟರು.

ಅವತ್ತು ಸಂಜೆ ಸರ್ವರ್ ನಿಲ್ಲಿಸಬೇಕಿತ್ತು. ಪಟ್ಟಿ ತೆಗೆದು ನೋಡಿದೆ. ಇಳಕಲ್ಲಿನಲ್ಲಿ ಕಾಕಾ ಇದ್ದರು. ಹುನಗುಂದದ ಗುಮಾಸ್ತರು ಎಂದಿನಂತೆ ಬಟ್ಟೆ ಹೊದಿಸಿ ಹೋಗಿದ್ದರು, ಹೆಸರು ಬಿದ್ದುಕೊಂಡಿತ್ತು. ಬಾದಾಮಿಯ ಸಾಲು ಖಾಲಿ. ಸರಿಯಾಗಿ ಐದೂವರೆಗೆ ಅವಳು ಲಾಗೌಟ್ ಮಾಡಿದ್ದಳು.