ನೇಗಿಲು ಕಾಣದ ಕುರಣ

ಬೆಳಿಗ್ಗೆಯಿಂದ ಸೀರೆಯಂಚಿಗೆ ಚುಚ್ಚಿಕೊಂಡ ಹುಲ್ಲಿನ ಸೂಜಿಗಳನ್ನು ಕೀಳುತ್ತ ಕೂತಿದ್ದೇನೆ. ಜೇವರ್ಗಿಯ ನಮ್ಮ ಓಣಿಯಲ್ಲಿ ಇಂಥ ಹುಲ್ಲೆಲ್ಲಿ ಬರಬೇಕು? ನಿನ್ನೆ ಸೊನ್ನದ ಹತ್ತಿರದ ನನ್ನ ಕುರಣಕ್ಕೆ ಹೋಗಿ ಬಂದ ಗುರುತು ಇದು. ‘ನನ್ನ’ ಎಂದು ಬರೆದೆನಲ್ಲ, ಅದಕ್ಕೆ ನನಗೇ ನಗು. ಯಾಕೆಂದು ಹೇಳುತ್ತೇನೆ, ಕೂತು ಕೇಳಿ.

ಕುರಣವೆಂದರೆ ಹುಲ್ಲಿಗಾಗಿಯೇ ಬಿಟ್ಟ ಹೊಲ. ನಾನು ‘ಅತ್ತಿ’ ಎಂದು ಕರೆಯುತ್ತಿದ್ದ ನನ್ನ ಸೋದರತ್ತೆ ಗುರವ್ವನಿಗೆ ತವರಿನಿಂದ ಬಂದದ್ದು. ಭೀಮೆಗೆ ಬ್ಯಾರೇಜು ಕಟ್ಟಿ ನೀರು ನಿಂತ ಮೇಲೆ ಸುತ್ತಲೆಲ್ಲ ಕಬ್ಬು; ಹವಳಗಾದ ಸಕ್ಕರೆ ಕಾರ್ಖಾನೆ ಕಡೆಗೆ ಟ್ರ್ಯಾಕ್ಟರುಗಳ ಸಾಲೋ ಸಾಲು. ನಡುವೆ ಅತ್ತಿಯ ಹುಲ್ಲು ಮಾತ್ರ, ಮದುವೆ ಮನೆಗೆ ತಲೆ ಬಾಚದೆ ಬಂದವಳ ಹಾಗೆ. ಅತ್ತಿಗೋ ಅದೇ ಜಂಬ.

“ಈ ಮಣ್ಣು ನೇಗಲಾ ಕಂಡಿಲ್ಲ. ಚಿಗರಿ ಇಲ್ಲೇ ಈಯ್ತಾವ, ಲಾವಕ್ಕಿ ಇಲ್ಲೇ ತತ್ತಿ ಇಡ್ತಾವ. ನಾ ಸತ್ತ ಮ್ಯಾಲೂ ಯಾರೂ ಹರಗಬಾರದು” ಎನ್ನುತ್ತಿದ್ದಳು.

ಅವಳ ತಮ್ಮ, ನನ್ನ ಕಾಕಾ, ಬಿಡುವ ಆಸಾಮಿಯಲ್ಲ. “ಅಕ್ಕಾ, ಜೀವ ಇರೂತನಕ ನಿನ್ನ ಮಾತು ಖರೇ. ಸತ್ತವ್ರು ಬದುಕಿದವ್ರ ಕೈ ಕಟ್ಟೂದು ಯಾವ ನ್ಯಾಯ? ನಾಳೆ ಹುಡುಗ್ರಿಗೆ ಏನ್ ಬೇಕಾಗ್ತದೋ ನಿನಗೇನ್ ಗೊತ್ತು?”

ತಳ್ಳಿಹಾಕುವ ಮಾತಲ್ಲ ಅದು. ಅಮೆರಿಕದಲ್ಲಿ ದನ ಮೇಯಿಸುವ ದೊಡ್ಡ ಧಣಿಗಳು ತಮ್ಮ ಭೂಮಿ ಎಂದೆಂದಿಗೂ ಹುಲ್ಲಾಗಿಯೇ ಇರಲೆಂದು ಬರೆದುಕೊಡುತ್ತಾರಂತೆ, ಅಲ್ಲೂ ಇದೇ ಜಗಳವಂತೆ. ಮೊನ್ನೆ ಅದನ್ನು ಓದಿ, ನಮ್ಮ ಕಾಕಾ ಅಲ್ಲಿ ಹುಟ್ಟಿದ್ದರೆ ಲೀಡರೇ ಆಗುತ್ತಿದ್ದ ಅನಿಸಿತು.

ಕೊನೆಗೆ ಅತ್ತಿ ನಮ್ಮಿಬ್ಬರನ್ನೂ ಎಳೆದುಕೊಂಡು ಅಫಜಲಪುರದ ವಕೀಲರ ಬಳಿ ಹೋದಳು. ಅವರು ಎಲ್ಲ ಕೇಳಿ, “ಮಾರೂದಿದ್ರ ಬರೀತೇನಿ, ದಾನ ಇದ್ರ ಬರೀತೇನಿ. ಹೊಲ ನಿಮ್ದೇ ಇಟ್ಕೊಂಡು ಹುಲ್ಲಿಗೆ ಬಂದೋಬಸ್ತ್ ಅಂದ್ರ, ಅದು ಕಾಯಂ ಇಲ್ರಿ” ಎಂದರು. ಶಾಶ್ವತವಲ್ಲ ಎಂಬುದು ಅವರ ಅರ್ಥ. ಅತ್ತಿಯ ಕಿವಿಗೆ ಅದು ‘ಕಾಯಂಗಿಲ್ರಿ’ ಎಂದು ಬಿತ್ತು. ನಮ್ಮ ಕಡೆ ಹಾಗೆಂದರೆ ಕಾಯಕೂಡದು ಎಂದು. ಎದ್ದು ನಿಂತಳು ನೋಡಿ!

“ಯಾಕ ಕಾಯಂಗಿಲ್ಲ? ನನ್ನ ಹೊಲ ನಾ ಕಾಯ್ತೇನಿ! ಯಾರಪ್ಪನ ಗಂಟೇನ್ ಹೋಗ್ತದ?”

ವಕೀಲರು ನಕ್ಕರು, ಕಾಕಾ ನಕ್ಕ, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಊರಲ್ಲಿ ಬಸ್ಸಿಳಿದಾಗ ಅತ್ತಿ ಅಂದಳು: “ಕಾಗದ ಏನ್ ಕಾಯ್ತದ ಬೇ? ಮಂದಿ ಕಾಯ್ತಾರ.”

ಆ ವರ್ಷವೇ ಊರಲ್ಲಿ ಸಾರಿದಳು: ಹೊಲವಿಲ್ಲದವರು ಯಾರೇ ಬಂದು ಹುಲ್ಲು ಕೊಯ್ಯಬಹುದು, ಬೇರು ಕೀಳಬಾರದು, ಕೀಳಲು ಬಂದವರನ್ನು ಬಿಡಲೂಬಾರದು. ಮೊದಲು ಬಂದವಳು ಎಮ್ಮೆ ಕಟ್ಟಿದ್ದ ನೆರೆಮನೆಯ ಖಾಜಾಬಿ. “ಅಪ್ನಾ ಸಮಜ್‌ಕೆ ಕಾಟೂಂ ಕ್ಯಾ, ಗುರವ್ವಾ?” ಎಂದಳು. “ಹೂಂ, ನಿಂದೇ ಅಂತ ತಿಳಕೊಂಡು ಕೊಯ್ಯಿ” ಎಂದಳು ಅತ್ತಿ. ಕಾಕಾ ‘ಹುಚ್ಚಿ’ ಎಂದು ಗೊಣಗಿದ. ಬೇಸಿಗೆಯಲ್ಲಿ ಅವನ ಎತ್ತುಗಳು ತಿಂದದ್ದೂ ಅದೇ ಹುಲ್ಲು ಅನ್ನಿ.

ಅತ್ತಿ ಹೋದ ಮೇಲೆ ಕುರಣ ನನ್ನ ಹೆಸರಿಗೆ ಬಂತು. ನಾನೋ ಅತ್ತ ತಲೆ ಹಾಕಿ ವರ್ಷಗಳಾಗಿದ್ದವು. ಈಚೆಗೆ ಸೋಲಾರ್ ಕಂಪನಿಯವನೊಬ್ಬ ಲೀಸಿಗೆ ಕೊಡಿ ಎಂದು ಬೆನ್ನು ಬಿದ್ದ. ಬದುಕಿರುವವಳು ನಾನು, ನನ್ನ ಕೈಯನ್ನೇಕೆ ಅತ್ತಿ ಕಟ್ಟಿರಬೇಕು ಎಂದುಕೊಂಡು ನಿನ್ನೆ ಅವನನ್ನು ಕರೆದೊಯ್ದೆ.

ಅವನು ಟೇಪು ಬಿಚ್ಚುವುದೇ ತಡ, ಹುಲ್ಲಿನೊಳಗಿಂದ ಕುಡಗೋಲು ಹಿಡಿದು ಒಬ್ಬ ಹೆಣ್ಣುಮಗಳು ಎದ್ದಳು. “ಯಾರ್ರಿ ನೀವು? ಏನ್ ಅಳಿಯಾಕತ್ತೀರಿ?”

“ನಾನು ಈ ಹೊಲದ ಒಡತಿ.”

“ಒಡತಿ ಆದ್ರೇನ್ರಿ? ನಮ್ಮನ್ನ ಕೇಳಬೇಕಲ್ಲ?”

ಸಿಟ್ಟು ಮೂಗಿನ ತುದಿಗೇ ಬಂತು. ನನ್ನ ಹೊಲಕ್ಕೆ ನಾನು ಇವಳನ್ನು ಕೇಳಬೇಕೇ? ಯಾರ ಪೈಕಿ ಎಂದು ಗದರಿಸಿ ಕೇಳಿದೆ. ಖಾಜಾಬಿಯ ಸೊಸೆಯಂತೆ, ಅತ್ತಿಯನ್ನು ಕಣ್ಣಿಂದ ಕಂಡವಳೇ ಅಲ್ಲ. ಸಿಟ್ಟು ಎತ್ತ ಹೋಯಿತೋ, ನನ್ನ ಗುರವ್ವತ್ತಿಯ ಮೇಲೆ ಹೆಮ್ಮೆ ಉಕ್ಕಿ ಕಣ್ಣು ತುಂಬಿತು.

“ಆಯ್ತವ್ವಾ, ಕೇಳ್ತೇನಿ. ಇಲ್ಲಿ ಸೋಲಾರ್ ಹಾಕಸ್ಲೇನು?”

“ಬ್ಯಾಡ್ರಿ.”

ಈಗಷ್ಟೇ ಕಂಪನಿಯವನ ಫೋನು ಬಂದಿತ್ತು. “ಮೇಡಂ, ಒಡತಿ ನೀವೇ ಅಲ್ಲೇನ್ರಿ?”

“ಹೌದ್ರಿ, ನಾನೇ,” ಎಂದೆ. “ಆದ್ರ ಅವ್ರು ಬ್ಯಾಡ ಅಂದಾರಲ್ರಿ.”