ಗಂಡನ ಹೆಸರು ಹೇಳಿದವಳು

ಯುದ್ಧದ ಆ ವರ್ಷ ಹೊನ್ನಾಳಿಯ ಹೆಣ್ಣುಮಕ್ಕಳ ಶಾಲೆಗೆ ಒಬ್ಬ ಉಪಾಧ್ಯಾಯಿನಿ ಬೇಕಾಗಿದ್ದರು. ನ್ಯಾಮತಿಯ ನಮ್ಮ ಬೀದಿಯಿಂದ ಅರ್ಜಿ ಹಾಕಿದವರು ಇಬ್ಬರು: ನಾನು, ಎದುರುಮನೆಯ ಅಕ್ಕ. ಅಕ್ಕ ನನಗಿಂತ ಸ್ವಲ್ಪ ದೊಡ್ಡವಳು, ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಕೆಲಸ ಸಿಗದಿದ್ದರೆ ನನ್ನನ್ನು ಜಗಳೂರಿನ ಗಂಡಿಗೆ ಕೊಡುವುದೆಂದು ಅಪ್ಪ ತೀರ್ಮಾನಿಸಿದ್ದರು. ಹೆಣ್ಣಿನ ಒಪ್ಪಿಗೆ ಕೇಳದೆ ಅವಳ ಬಾಳನ್ನು ಗೊತ್ತುಮಾಡುವುದು ಅನ್ಯಾಯವೆಂದು ನಮ್ಮ ಶಾಲೆಯಲ್ಲಿ ಕಲಿಸಿದ್ದರು; ಮನೆಯಲ್ಲಿ ಅದು ಪದ್ಧತಿಯಾಗಿತ್ತು.

ಸಂದರ್ಶನಕ್ಕೆ ನಾವು ಅಕ್ಕನ ಮನೆಯ ಪಡಸಾಲೆಯಲ್ಲಿ ಸಿದ್ಧತೆ ನಡೆಸಿದೆವು. ಅವಳ ಅಣ್ಣ ಚನ್ನಗಿರಿಯಿಂದ ಹೊಸ ಸ್ಲೇಟು, ಬಳಪ, ಬಿಳಿ ಸೀರೆ ತಂದುಕೊಟ್ಟಿದ್ದ. ನನಗೆ ಅವ್ವನ ಹಳೆಯ ಸೀರೆಯೇ ಗತಿ. ‘ಗಂಡಿಲ್ಲದೋಳು, ಏನೋ ನಾಲ್ಕಕ್ಷರ ಹೇಳಿಕೊಟ್ಟು ಬದುಕ್ಲಿ ಬಿಡ್ರಿ. ನಿಮ್ಮುಡುಗಿಗೇನು ಬಂದೈತೆ?’ ಎಂದು ಬೀದಿಯ ಹೆಂಗಸರು ಅವ್ವನನ್ನು ಕೇಳುತ್ತಿದ್ದರು. ಹೆಣ್ಣು ದುಡಿಯಲು ಅವಳ ಗಂಡ ಸಾಯಬೇಕೆನ್ನುವ ಈ ನೀತಿಯನ್ನು ನಾನು ಆಗಲೇ ಖಂಡಿಸಿದ್ದೆ. ಆದರೆ ಅದು ಅಕ್ಕನಿಗೆ ತೆರೆದುಕೊಟ್ಟ ಬಾಗಿಲನ್ನು ಕಂಡು ನನ್ನ ಹೊಟ್ಟೆ ಉರಿಯುತ್ತಿತ್ತು.

ನಾನು ಸಂದರ್ಶನ ಮಾಡಲಿದ್ದ ಇನ್‌ಸ್ಪೆಕ್ಟ್ರೆಸ್ ಅಮ್ಮನವರಂತೆ ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದೆ. ಲೆಕ್ಕ, ಭೂಗೋಳ, ಕಸೂತಿ, ಎಲ್ಲಕ್ಕೂ ಅಕ್ಕ ಥಟ್ಟನೆ ಉತ್ತರಿಸುವಳು. ‘ಗಂಡನ ಹೆಸರು?’ ಎಂದರೆ ಮಾತ್ರ ಸೆರಗಿನ ತುದಿ ಹಿಡಿದು ನಿಂತುಬಿಡುವಳು. ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಮ್ಮ ಕಡೆಯ ಹೆಂಗಸರು ಅದನ್ನು ಬಾಯಲ್ಲಿ ಆಡುತ್ತಿರಲಿಲ್ಲ.

‘ಇನ್ನೇನು ಕಡಿಮೆ ಆಗಾಕೈತೆ ಅಕ್ಕಾ?’ ಎಂದೆ.

‘ಗೊತ್ತೈತೆ ಕಣೇ. ನಾಲಿಗೆ ಏಳಂಗಿಲ್ಲ, ಏನ್ ಮಾಡ್ಲಿ?’

ಅದು ಮೂಢನಂಬಿಕೆಯೆಂದು ಅವಳಿಗೆ ಉಪನ್ಯಾಸವನ್ನೇ ಕೊಟ್ಟೆ. ಒಳಗೆ ಮಾತ್ರ ಅವಳು ಅಲ್ಲಿಯೇ ಎಡವುತ್ತಾಳೆಂದು ಸಮಾಧಾನವಾಗುತ್ತಿತ್ತು.

ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಮಸಿ ಮೆತ್ತಿಸಿಕೊಂಡು ಹೊನ್ನಾಳಿಗೆ ಹೋದೆವು. ಪ್ರವಾಸಿ ಬಂಗಲೆಯ ಜಗಲಿಯಲ್ಲಿ ನನ್ನನ್ನು ಕೂರಿಸಿ ಅಕ್ಕನನ್ನು ಮೊದಲು ಕರೆದರು. ಬಾಗಿಲು ತೆರೆದೇ ಇತ್ತು. ನಾನು ಎಣಿಸಿದ್ದ ಪ್ರಶ್ನೆಯೇ ಬಂತು. ಅವಳ ಕೈ ಸೆರಗಿನ ತುದಿಗೆ ಹೋಯಿತು. ಆಮೇಲೆ ಅಕ್ಕ ಆ ಹೆಸರನ್ನು ಹಾಜರಿ ಕೂಗುವಷ್ಟು ಗಟ್ಟಿಯಾಗಿ ಹೇಳಿದಳು. ಬಂಗಲೆ ನೋಡಿಕೊಳ್ಳುವ ಮೇಟಿ ಕಸ ಗುಡಿಸುವುದನ್ನು ನಿಲ್ಲಿಸಿ ಒಳಗೆ ಇಣುಕಿದ. ಸುಧಾರಣೆಯ ಮಾತನ್ನೆಲ್ಲ ಆಡಿದವಳು ನಾನು, ಮಾಡಿದವಳು ಅವಳು. ಸೀರೆಗಿಂತ, ಸ್ಲೇಟಿಗಿಂತ ಆ ಧ್ವನಿಯ ಮೇಲೆ ನನಗೆ ಹೆಚ್ಚು ಅಸೂಯೆಯಾಯಿತು.

ನನ್ನ ಸರದಿಯಲ್ಲಿ ಇನ್‌ಸ್ಪೆಕ್ಟ್ರೆಸ್ ಲೆಕ್ಕವನ್ನೇ ಕೇಳಲಿಲ್ಲ.

‘ಮದುವೆ ಮಾತುಕತೆ ನಡೆದಿದೆಯೇನಮ್ಮ?’

‘ನಡೆದಿದೆ.’

‘ಹಾಗಿದ್ದರೆ ವರ್ಷದೊಳಗೆ ಬಿಟ್ಟುಹೋಗುತ್ತೀಯ. ಆಕೆಗಾದರೆ ಆ ಯೋಚನೆಯಿಲ್ಲ.’

ಓದಿದ ಹೆಂಗಸೇ ಹೀಗೆಂದರು. ಕನ್ಯೆಯನ್ನು ನಂಬದಿರುವುದು ಒಂದು ತಪ್ಪು, ವಿಧವೆಗೆ ಇನ್ನು ಬೇರೆ ಬಾಳಿಲ್ಲವೆಂದು ನಂಬುವುದು ಇನ್ನೊಂದು. ಎರಡನ್ನೂ ಅವರ ಮುಖಕ್ಕೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಕೆಲಸ ಅಕ್ಕನಿಗಾಯಿತು. ಅವಳು ಪೆಟ್ಟಿಗೆ ಹೊರಿಸಿಕೊಂಡು ಹೊರಟ ದಿನ ನಾನು ಕಿಟಕಿಯಿಂದ ನೋಡಿದೆ, ಬೀಳ್ಕೊಡಲು ಹೋಗಲಿಲ್ಲ. ಅಂದೇ ಊಟಕ್ಕೆ ಕೂತ ಅಪ್ಪ, ಜಗಳೂರಿನವರು ಸೋಮವಾರ ಬರುತ್ತಾರೆಂದರು. ಬೇಡವೆನ್ನಿ, ಮುಂದೆ ಎಲ್ಲಿ ಜಾಗ ಖಾಲಿಯಾದರೂ ಅರ್ಜಿ ಹಾಕುತ್ತೇನೆ ಎಂದೆ.

‘ಯಾಕೆ? ಎದುರುಮನೆಯಾಕೆ ಹಂಗೆ ಆಗಾಕೆ ಆಸೆ ಐತೇನು ನಿನಗೆ?’

‘ಹ್ಞೂಂ’ ಎಂದೆ.

ಅವ್ವ ಸೌಟು ಬಿಸುಟು ಓಡಿಬಂದು ನನ್ನ ಬಾಯಿ ಮುಚ್ಚಿದಳು. ‘ಬಿಡ್ತು ಅನ್ನೇ! ಮುತ್ತೈದೆ ಆಗೋ ಹುಡುಗಿ, ಬಿಡ್ತು ಅನ್ನು!’ ಅಪ್ಪ ತುತ್ತನ್ನು ಹಾಗೇ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ಅವ್ವನ ಕೈ ಸಡಿಲವಾದ ಮೇಲೂ ನಾನು ಆ ಮಾತನ್ನು ಅನ್ನಲಿಲ್ಲ.