ಬಾಯಿ ಕಟ್ಟಿದ ಚೌರಮ್ಮ

ಕ್ಯಾತನಹಳ್ಳಿ ಬಸ್‌ಸ್ಟಾಪಿನಲ್ಲಿ ಚೌರಮ್ಮನ ಪೆಟ್ಟಿಗೆ ಅಂಗಡಿಯನ್ನು ದಾಟದೆ ಯಾರೂ ಊರೊಳಗೆ ಕಾಲಿಡುವಂತಿರಲಿಲ್ಲ. ಎಲೆಅಡಿಕೆ, ಬಾಳೆಹಣ್ಣು, ಹೂವು, ಕಡಲೆಮಿಠಾಯಿಗೆ ಕಾಸು ಕೊಡಬೇಕು, ಊರಿನ ಸುದ್ದಿ ಪುಕ್ಕಟೆ. ಗಂಡ ಇನ್ನಾಸಪ್ಪ ತೀರಿಕೊಂಡ ಮೇಲೆ ಊರಲ್ಲಿ ಕ್ರೈಸ್ತರೆಂದು ಉಳಿದವಳು ಅವಳೊಬ್ಬಳೇ. ಆದರೂ ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾಯಿತೆಂಬುದು ಮೊದಲು ಗೊತ್ತಾಗುತ್ತಿದ್ದುದು ಅವಳಿಗೆ. ಕೆಟ್ಟವಳಲ್ಲ ಪಾಪ. ಬಸುರಿಗೆ ನೋವು ಬಂದರೆ ಆಟೋ ಕರೆಯಲು ಎದ್ದು ಓಡುವವಳೂ ಅವಳೇ. ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ, ಅಷ್ಟೇ.

ಆ ನಿಲ್ಲದ ಮಾತು ಹೋದ ವರ್ಷ ಒಂದು ಮನೆಗೆ ತಗುಲಿತ್ತು. ನಮ್ಮ ಕಡೆ ಹೆಣ್ಣು ನೋಡಲು ಬಂದವರು ನೇರವಾಗಿ ಹೆಣ್ಣಿನ ಮನೆಗೆ ಹೋಗುವುದಿಲ್ಲ. ಬಸ್ಸಿಳಿದು ಮೊದಲು ಅಂಗಡಿಯಲ್ಲೋ ಹೋಟೆಲಿನಲ್ಲೋ ನಿಂತು, ಹಾದಿಹೋಕರ ಹಾಗೆ ಮೆಲ್ಲಗೆ ವಿಚಾರಿಸುತ್ತಾರೆ. ಹಾಗೆ ಬಂದವರೊಬ್ಬರು ಮಂಚಯ್ಯನ ಮಗಳು ಚೈತ್ರಳನ್ನು ಕೇಳಿದಾಗ ಚೌರಮ್ಮ ನಗುನಗುತ್ತಲೇ, ಹುಡುಗಿ ಚಿನ್ನ, ಆದರೆ ಬಸ್ಸಿನಿಂದ ಇಳಿಯುವಾಗಲೂ ಫೋನು ಕಿವಿಯಲ್ಲೇ, ಆ ಕಡೆ ಯಾರಿದ್ದಾರೋ ಎಂದುಬಿಟ್ಟಳು. ಬಂದವರು ಅಲ್ಲಿಂದಲೇ ವಾಪಸಾದರು. ಆ ಕಡೆ ಇದ್ದವಳು ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದ ಚೈತ್ರಳ ಅಜ್ಜಿ. ಈ ವಿಷಯ ಚೌರಮ್ಮನಿಗೆ ಗೊತ್ತಾಗುವ ಹೊತ್ತಿಗೆ ಅಜ್ಜಿಯೂ ಇರಲಿಲ್ಲ, ಆ ಸಂಬಂಧವೂ ಇರಲಿಲ್ಲ.

ಚೈತ್ರ ಜಗಳವಾಡಲಿಲ್ಲ. ಪಾಂಡವಪುರದ ಮೆಡಿಕಲ್ ಸ್ಟೋರಿನ ಕೆಲಸ ಮುಗಿಸಿ ಬಂದವಳು ಬಸ್ಸಿಳಿದು, ಅಂಗಡಿ ಬಿಟ್ಟು ರಸ್ತೆಯ ಆಚೆ ಅಂಚಿನಲ್ಲಿ ನಡೆದುಹೋಗತೊಡಗಿದಳು. ಲಂಗ ಹಾಕುವ ಕಾಲದಿಂದ ಚೌರತ್ತೆ, ಚೌರತ್ತೆ ಎಂದು ಕಡಲೆಮಿಠಾಯಿಗೆ ಕೈಯೊಡ್ಡುತ್ತಿದ್ದ ಹುಡುಗಿ. ಬೈದಿದ್ದರೆ ಚೌರಮ್ಮನಿಗೆ ಅಷ್ಟು ನೋಯುತ್ತಿರಲಿಲ್ಲ.

ಈ ಸಲ ತಪಸ್ಸುಕಾಲ ಶುರುವಾದಾಗ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಶ್ರೀರಂಗಪಟ್ಟಣದ ಕಡೆಯ ಚರ್ಚಿನಲ್ಲಿ ಫಾದರ್ ನಾಲಿಗೆಯ ಮೇಲೆ ಪ್ರಸಂಗ ಮಾಡಿದರು. ನಾಲಿಗೆ ಒಂದು ಕಿಡಿ, ಕಾಡನ್ನೇ ಸುಡುತ್ತದೆ ಎಂದರು. ದೇವರನ್ನು ಹೊಗಳುವ ಬಾಯಲ್ಲೇ ದೇವರು ಮಾಡಿದ ಮನುಷ್ಯನನ್ನು ಹಳಿಯುವುದು ಯಾವ ನ್ಯಾಯ ಎಂದು ಕೇಳಿದರು. ಕಬ್ಬಿನ ತರಗಿಗೆ ಬಿದ್ದ ಬೀಡಿ ತುಂಡು ಏನು ಮಾಡುತ್ತದೆಂದು ಕಂಡಿದ್ದ ಚೌರಮ್ಮನಿಗೆ ಕೂತಲ್ಲೇ ಬೆವರಿತು. ಪೂಜೆ ಮುಗಿದ ಮೇಲೆ ಪಾಪನಿವೇದನೆ ಮಾಡಿಕೊಂಡಳು. ಮಾಂಸ ಬಿಡುವುದು ಸುಲಭ, ನಾಲಿಗೆಗೆ ಕಡಿವಾಣ ಹಾಕು ತಾಯಿ ಎಂದರು ಫಾದರ್. ಅವಳು ಒಂದು ಹೆಜ್ಜೆ ಮುಂದೆ ಹೋಗಿ ಬೀಗವನ್ನೇ ಜಡಿದಳು. ಈಸ್ಟರ್ ತನಕ ಯಾರ ವಿಷಯವನ್ನೂ, ಒಳ್ಳೆಯದಾಗಲಿ ಕೆಟ್ಟದಾಗಲಿ, ಎತ್ತುವುದಿಲ್ಲವೆಂದು ಹರಕೆ ಹೊತ್ತಳು.

ಅಯ್ಯೋ, ಆ ಒದ್ದಾಟ ಯಾರಿಗೂ ಬೇಡ. ಸುದ್ದಿ ಗಂಟಲ ತನಕ ಬಂದು ನಿಲ್ಲುತ್ತಿತ್ತು. ಚೌರಮ್ಮ ಎಲೆ ಒರೆಸುವಳು, ಒರೆಸಿದ್ದನ್ನೇ ಮತ್ತೆ ಒರೆಸುವಳು. ಎದ್ದು ನಿಲ್ಲುವಳು, ಕೂರುವಳು, ಜಪಮಾಲೆ ಹಿಡಿದು ಅರ್ಧಕ್ಕೇ ಬಿಡುವಳು. ಸುದ್ದಿ ಸಿಗದ ಗಿರಾಕಿಗಳು ಅವಳಿಗೆ ಹುಷಾರಿಲ್ಲವೆಂದುಕೊಂಡರು.

ಹೀಗಿರುವಾಗ ಒಂದು ಬೆಳಿಗ್ಗೆ ಚೈತ್ರಳ ತಾಯಿ ಚಲುವಮ್ಮ ಹೂವಿಗೆ ಬಂದಳು. ಮಂಚಯ್ಯನ ಮನೆಯ ಮುಂದೆ ಸಗಣಿ ಸಾರಿಸಿ, ಪಕ್ಕದ ಮನೆಯ ಕುರ್ಚಿಗಳನ್ನು ತಂದು ಹಾಕಿದ್ದುದು ಅಂಗಡಿಗೆ ಕಾಣುತ್ತಿತ್ತು. ಚಲುವಮ್ಮ ಹೂವನ್ನು ಸೆರಗಿಗೆ ಕಟ್ಟಿಕೊಂಡು, ನೆಲ ನೋಡುತ್ತಲೇ ಹೇಳಿದಳು.

"ಶೀಳನೆರೆಯಿಂದ ಎಣ್ಣು ನೋಡಾಕೆ ಬತ್ತಾವ್ರೆ. ನಿನ್ ಕಾಲ್ಗೆ ಬೀಳ್ತೀನಿ ಕಣಕ್ಕ, ಕೇಳುದ್ರೆ ಏನೂ ಅನ್ಬ್ಯಾಡ."

ಚೌರಮ್ಮ ತಲೆಯಾಡಿಸಿದಳು. ದೇವರಿಗೂ ಅದೇ ಮಾತು ಕೊಟ್ಟಾಗಿತ್ತು.

ಬಿಸಿಲೇರುವ ಹೊತ್ತಿಗೆ ಅವರು ಬಂದರು. ಹುಡುಗನ ಸೋದರಮಾವ ಹೊನ್ನಪ್ಪ, ಜೊತೆಗೆ ಅವನ ಹೆಂಡತಿ. ಬಾಳೆಹಣ್ಣು ಸುಲಿಯುತ್ತಾ ಹೊನ್ನಪ್ಪ ಮೊದಲು ಮಳೆ ಬೆಳೆ ಮಾತಾಡಿದ. ಆಮೇಲೆ, ಇಲ್ಲಿ ಮಂಚಯ್ಯ ಅಂತ ಇದ್ದಾರಂತಲ್ಲ, ಅವರ ಮಗಳು ಹೇಗೆ ಎಂದ. ಹೇಳಲು ಎಷ್ಟೊಂದಿತ್ತು. ಚೌರಮ್ಮ ಹಲ್ಲು ಕಚ್ಚಿದಳು.

"ನನ್ನೇನೂ ಕೇಳ್ಬ್ಯಾಡಿ. ನಾನೇನೂ ಯೋಳಂಗಿಲ್ಲ."

ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಬೇರೆ ಕಡೆ ಮೌನ ಒಪ್ಪಿಗೆಯ ಲಕ್ಷಣವಿರಬಹುದು. ಹೆಣ್ಣಿನ ವಿಚಾರಣೆಯಲ್ಲಿ ಅದು ಐಬಿನ ಲಕ್ಷಣ. ಚೆನ್ನಾಗಿದ್ದರೆ ಚೆನ್ನಾಗಿದ್ದಾಳೆ ಎನ್ನಲು ಯಾರಿಗೇನು ಕಷ್ಟ? ಹೊನ್ನಪ್ಪನ ಹೆಂಡತಿ, ಗೊತ್ತಾಯಿತಲ್ಲ ನಡೀರಿ ಎಂದು ಎದ್ದಳು. ಊರೊಳಗಿನ ದಾರಿ ಬಿಟ್ಟು ಇಬ್ಬರೂ ರಸ್ತೆ ದಾಟಿ, ಬಂದು ನಿಂತ ಪಾಂಡವಪುರದ ಬಸ್ಸು ಹತ್ತಿದರು.

ಚೌರಮ್ಮ ತಟ್ಟನೆ ಎದ್ದು ನಿಂತಳು. ಹೋದ ವರ್ಷ ಬಾಯಿ ಬಿಟ್ಟು ಕೆಡಿಸಿದ್ದನ್ನು ಈ ವರ್ಷ ಬಾಯಿ ಮುಚ್ಚಿ ಕೆಡಿಸಿದ್ದಳು. ಅತ್ತ ಕುರ್ಚಿಗಳು ಕಾಯುತ್ತಿದ್ದವು. ಫಾದರ್ ಹೇಳಿದ್ದು ಕಡಿವಾಣವಲ್ಲವೇ? ಮೂಗುದಾರ ಹಾಕುವುದು ಎತ್ತನ್ನು ದಾರಿಯಲ್ಲಿ ನಡೆಸಲು, ಗೂಟದಲ್ಲೇ ಸಾಯಿಸಲಲ್ಲ. ಇಷ್ಟು ಹೊಳೆದದ್ದೇ ಅಂಗಡಿಯನ್ನು ಹಾಗೆಯೇ ಬಿಟ್ಟು, ಬರಿಗಾಲಲ್ಲಿ ಓಡಿ, ಹೊರಟಿದ್ದ ಬಸ್ಸಿನ ಕಂಬಿ ಹಿಡಿದಳು.

ಬಸ್ಸಿನ ತುಂಬ ಊರವರೇ ಇದ್ದರು. ಏದುಸಿರು ಬಿಡುತ್ತಾ ಚೌರಮ್ಮ ಚೈತ್ರಳನ್ನು ಹೊಗಳತೊಡಗಿದಳು. ಗುಣವಂತೆ, ದುಡಿಯುವವಳು, ಅಜ್ಜಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವಳು. ಹೊಗಳಿದಷ್ಟೂ ಹೊನ್ನಪ್ಪನ ಹೆಂಡತಿಯ ಹುಬ್ಬು ಮೇಲೇರಿತು. ಆಗ ಬಾಯಿ ಬಿಡದವರು ಈಗ ಬಸ್ಸು ಹತ್ತಿ ಬಂದು ಹೊಗಳುತ್ತಿದ್ದೀರಲ್ಲ, ಕಳಿಸಿದವರು ಯಾರು ಎಂದು ಕೇಳಿಯೇಬಿಟ್ಟಳು.

ಇನ್ನು ಉಳಿದಿದ್ದು ಒಂದೇ ಮಾತು. ಸುತ್ತ ಊರವರ ಕಿವಿಗಳು ನೆಟ್ಟಗಾಗಿದ್ದವು. ಅವುಗಳನ್ನು ಹಾಗೆ ಪಳಗಿಸಿದವಳೂ ಅವಳೇ.

"ಅವ್ಳ ಇಸ್ಯ ಬುಡಿ, ನನ್ ಇಸ್ಯ ಕೇಳಿ. ಓದ್ ವರ್ಸ ಈ ಬಾಯಲ್ಲೇ ಆ ಎಣ್ಣಿನ ಮದ್ವೆ ಮುರ್ದೆ. ಅಜ್ಜಿ ಕುಟ್ಟೆ ಫೋನಲ್ಲಿ ಮಾತಾಡ್ತಿದ್ದೋಳ್ನ ಬ್ಯಾರೆ ಅರ್ತ ಬರಂಗೆ ಅಂದ್ಬುಟ್ಟೆ. ಅದ್ಕೇ ಬಾಯ್ ಕಟ್ಕಂಡಿದ್ದೆ. ಐಬಿರೋದು ಅವ್ಳಲ್ಲಲ್ಲ, ನನ್ನಲ್ಲಿ."

ಹೊನ್ನಪ್ಪನ ಹೆಂಡತಿ ಅವಳ ಬರಿಗಾಲನ್ನೊಮ್ಮೆ ನೋಡಿ, ಮುಂದಿನ ಸ್ಟಾಪಿನಲ್ಲಿ ಇಳಿಸಲು ಕಂಡಕ್ಟರನಿಗೆ ಹೇಳಿದಳು. ಮೂವರೂ ಒಂದೇ ಆಟೋದಲ್ಲಿ ಹಿಂದಿರುಗಿದರು.

ಅಂಗಡಿಗೆ ಬಂದರೆ ಬಾಳೆಗೊನೆಯನ್ನು ಮೇಕೆಗಳು ಮುಗಿಸಿದ್ದವು. ಚೌರಮ್ಮ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮಧ್ಯಾಹ್ನವೆಲ್ಲ ಮಂಚಯ್ಯನ ಬಾಗಿಲು ನೋಡುತ್ತಾ ಕೂತಳು, ಎದ್ದಳು, ಮತ್ತೆ ಕೂತಳು. ನೆಂಟರು ನಗುಮುಖದಿಂದ ಹೊರಟಾಗಲೂ ಜೀವ ತಣ್ಣಗಾಗಲಿಲ್ಲ.

ಸಂಜೆ ಚೈತ್ರ ಬಂದಳು. ಆಚೆ ಅಂಚಿನಲ್ಲಲ್ಲ, ನೇರ ಅಂಗಡಿಗೆ. ಉಟ್ಟ ರೇಷ್ಮೆ ಸೀರೆ ಹಾಗೆಯೇ ಇತ್ತು.

"ಒಪ್ಕಂಡವ್ರೆ. ನೀನು ಬಸ್ಸಲ್ಲಿ ಅಂದಿದ್ನ ಆ ಯಮ್ಮ ಎಲ್ಲಾ ಯೋಳುದ್ರು. ಓದ್ ವರ್ಸ ಅಂದೋಳು ನೀನೇ ಅಂತ ನಂಗೆ ಅವತ್ತೇ ಗೊತ್ತಿತ್ತು ಚೌರತ್ತೆ. ಬಂದು ಯೋಳ್ತೀಯ ಅಂತ ಕಾಯ್ತಾ ಇದ್ದೆ. ಫಾದರ್‌ಗೂ ಯೋಳಿರ್ತೀಯ, ಇವತ್ತು ಬಸ್ಸಿಗೆಲ್ಲ ಯೋಳ್ದೆ. ನಂಗೆ ಮಾತ್ರ ಯೋಳ್ನಿಲ್ಲ."

ಚೌರಮ್ಮ ಬಾಯಿ ತೆರೆದಳು. ಊರಿಗೆಲ್ಲ ಮಾತು ಹಂಚಿದ ಬಾಯಿ ಒಣಗಿಹೋಗಿತ್ತು. ಎಲುಬಿಲ್ಲದ ನಾಲಿಗೆ ಅಂತಾರೆ, ಅದು ಈಗ ಎತ್ತಿದರೂ ಏಳದು. ಕಣ್ಣಿನಿಂದ ನೀರು ಸುರಿಯಿತು. ಚೈತ್ರ ಹೋಗಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಸುಮ್ಮನೆ ಕಾದಳು.

"ತೆಪ್ಪಾಯ್ತು ಕಣವ್ವ," ಎಂದಳು ಚೌರಮ್ಮ ಕಡೆಗೆ.

ಚೈತ್ರ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತು ಕಡಲೆಮಿಠಾಯಿಗೆ ಕೈಯೊಡ್ಡಿದಳು.